ಅರ್ಹನನ್ನು ಕೈಬಿಟ್ಟ ಆಯ್ಕೆ

ಕಳೆದ ಶ್ರಾವಣದ ಒಂದು ಸೋಮವಾರ, ಪೂಜೆ ಮುಗಿದ ಮೇಲೆ, ಮಠದ ಪ್ರಸಾದನಿಲಯದಲ್ಲಿದ್ದು ಓದಿದ ತರುಣನೊಬ್ಬನು ದರ್ಶನಕ್ಕೆ ಬಂದನು. ಮುಖ ಬಾಡಿತ್ತು. ರಾಜ್ಯ ಸರ್ಕಾರದ ಇಲಾಖೆಯೊಂದರ ಹುದ್ದೆಗೆ ತನ್ನನ್ನು ಬಿಟ್ಟು, ತನಗಿಂತ ಕಡಿಮೆ ಅಂಕ, ಕಡಿಮೆ ಅನುಭವವುಳ್ಳವನನ್ನು ಆರಿಸಿದರೆಂದು ಹೇಳಿಕೊಂಡನು. "ಬುದ್ಧಿ, ಇದು ಕಾನೂನಿಗೆ ವಿರುದ್ಧವಲ್ಲವೆ?" ಎಂದು ಕೇಳಿದನು.

ಸಂವಿಧಾನದ 16ನೆಯ ವಿಧಿಯು ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶವನ್ನು ಕೊಡುತ್ತದೆಯೇ ಹೊರತು ನೌಕರಿಯನ್ನೇ ಕೊಡುವುದಿಲ್ಲ. ಆಯ್ಕೆಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನೇಮಕದ ಹಕ್ಕು ಹುಟ್ಟದೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಶಂಕರಸನ್ ದಾಸ್ ಮೊಕದ್ದಮೆಯಲ್ಲಿ ಹೇಳಿತು; ಸರ್ಕಾರವು ಮನಬಂದಂತೆ ನಡೆಯಲಾಗದೆಂದೂ ಅಲ್ಲಿಯೇ ಹೇಳಿತು. ಆದುದರಿಂದ ಹೆಚ್ಚು ಅಂಕದವನನ್ನು ಬಿಟ್ಟರೆಂಬುದಷ್ಟೇ ಕಾನೂನುಭಂಗವಾಗದು. ಪ್ರಕಟಿಸಿದ ನಿಯಮವನ್ನು ಮೀರಿದ್ದರೆ, ನಿಗದಿಯಾದ ವಿದ್ಯಾರ್ಹತೆಯೇ ಇಲ್ಲದವನನ್ನು ಆರಿಸಿದ್ದರೆ, ಪಕ್ಷಪಾತ ನಡೆದಿದ್ದರೆ ಆ ಆಯ್ಕೆ ನಿಲ್ಲದು. ಅದೇ ವಿಧಿಯು ಮೀಸಲಾತಿಗೂ ಎಡೆಗೊಟ್ಟಿದೆ. ಅದರಂತೆ ಬಂದವರನ್ನು ಅನರ್ಹರೆಂದು ಹಳಿಯುವುದು ತರವಲ್ಲ.

ಪಕ್ಷಪಾತಕ್ಕೆ 1969ರ ಕ್ರೈಪಾಕ್ ಮೊಕದ್ದಮೆ ನಿದರ್ಶನವಾಗಿದೆ. ಜಮ್ಮು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಆಯ್ಕೆ ನಡೆದಾಗ ಅಭ್ಯರ್ಥಿಯೊಬ್ಬರೇ ಆಯ್ಕೆ ಮಂಡಲಿಯ ಸದಸ್ಯರಾಗಿದ್ದರು. ತಮ್ಮ ಹೆಸರು ಬಂದಾಗ ಅವರು ಎದ್ದುಹೋದರಾದರೂ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕುಳಿತೇ ಇದ್ದರು. ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರು ಬರೆದ ತೀರ್ಪು ಆ ಆಯ್ಕೆಯನ್ನು ರದ್ದುಗೊಳಿಸಿತು.

ಇಷ್ಟನ್ನು ತಿಳಿಸಿ, "ಮಗು, 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಮೊದಲು ಆಯ್ಕೆಯ ನಿಯಮವನ್ನೂ ನಿನ್ನ ಅಂಕಗಳನ್ನೂ ಕೇಳಿ ತರಿಸಿಕೊ. ಅದರಲ್ಲಿ ದೋಷ ಕಂಡರೆ ಒಂದು ವರ್ಷದೊಳಗೆ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗು. ಕಾಣದಿದ್ದರೆ ಮುಂದಿನ ಪರೀಕ್ಷೆಗೆ ಓದು" ಎಂದೆವು. ಅವನು ನಮಸ್ಕರಿಸಿ ಹೊರಟನು.

ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಹಲವು ವರ್ಷಗಳ ಹಿಂದೆ ವಿದ್ಯಾಸಂಸ್ಥೆಯೊಂದರ ಅಧ್ಯಾಪಕರ ಆಯ್ಕೆ ಸಮಿತಿಗೆ ನಾವೇ ಅಧ್ಯಕ್ಷರಾಗಿದ್ದೆವು. ಚೆನ್ನಾಗಿ ಪಾಠ ಹೇಳಿದವನು ಬಡ ರೈತನ ಮಗ. ಆಯ್ಕೆಯಾದವನು ದಾನಿಗಳ ಬಂಧು. ಸದಸ್ಯರು ಪಟ್ಟಿಯನ್ನು ಮುಂದಿಟ್ಟರು. ನಾವು ಮರುಮಾತಾಡದೆ ರುಜು ಹಾಕಿದೆವು. ಖಾಸಗಿ ಸಂಸ್ಥೆಗೆ 16ನೆಯ ವಿಧಿ ತಗಲುವುದಿಲ್ಲ. ಯಾರೂ ನಮ್ಮನ್ನು ಪ್ರಶ್ನಿಸಲಿಲ್ಲ. ಆದರೆ ಮರುದಿನ ಬೆಳಗ್ಗೆ ಇಷ್ಟಲಿಂಗವನ್ನು ಕರದಲ್ಲಿ ಹಿಡಿದಾಗ, ರುಜು ಹಾಕಿದ ಕೈಯೂ ಇದೇ ಎಂಬುದು ನೆನಪಾಯಿತು. ಕಾಯಕವೇ ಪೂಜೆಯೆಂದು ಬೋಧಿಸುವ ನಾವು ಒಬ್ಬನ ಕಾಯಕವನ್ನು ಕಿತ್ತು ಇನ್ನೊಬ್ಬನಿಗೆ ಕೊಟ್ಟಿದ್ದೆವು.

ಅಂದಿನಿಂದ ನಾವು ಕುಳಿತ ಸಮಿತಿಗಳಲ್ಲಿ, ಚರ್ಚೆಗೆ ಮುನ್ನವೇ ಪ್ರತಿಯೊಬ್ಬ ಸದಸ್ಯರೂ ಅಂಕಗಳನ್ನು ಶಾಯಿಯಲ್ಲಿ ಬರೆದು ರುಜು ಮಾಡಬೇಕು. ಅಭ್ಯರ್ಥಿಗಳಲ್ಲಿ ನೆಂಟರಿದ್ದವರು ಇಡೀ ಆಯ್ಕೆಯಿಂದ ಹೊರಗುಳಿಯಬೇಕು. ಆದರೂ ಆ ರೈತನ ಮಗನಿಗೆ ಆದ ನಷ್ಟ ಇದರಿಂದ ತುಂಬಿಬಾರದು.

ದರ್ಶನಕ್ಕೆ ಬಂದ ತರುಣನಿಗೆ ಕಾನೂನನ್ನು ಹೇಳಿದೆವು. ಇದನ್ನು ಹೇಳಲು ಬಾಯಿ ಬರಲಿಲ್ಲ. ಆಯ್ಕೆಯ ಪೀಠದಲ್ಲಿ ಕುಳಿತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ಅವರೂ ಓದಲೆಂದು ಈ ಪುಟದಲ್ಲಿ ಒಪ್ಪಿಕೊಳ್ಳುತ್ತಿದ್ದೇವೆ.