ವಾಹನದ ಬಣ್ಣವೂ ಕಾಯಕದ ಗೌರವವೂ

ಹೊರಗಿನ ಲೇಪನವು ಒಳಗಿನ ವಸ್ತುವನ್ನು ಕಾಪಾಡುತ್ತದೆಂಬುದು ನಮ್ಮ ಸಮಾಜಕ್ಕೆ ಹೊಸ ವಿಚಾರವೇನಲ್ಲ. ಇಷ್ಟಲಿಂಗದೊಳಗಿನ ಪುಟ್ಟ ಶಿಲೆ ಸವೆಯದಿರಲೆಂದು ಭಸ್ಮ, ಎಣ್ಣೆ ಮೊದಲಾದವುಗಳಿಂದ ಸಿದ್ಧಪಡಿಸಿದ ಕಪ್ಪು ಕಂತಿಯನ್ನು ಅದರ ಮೇಲೆ ಕಟ್ಟುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಪೂಜ್ಯವಸ್ತುವನ್ನು ವಾಹನದೊಡನೆ ಹೋಲಿಸುವುದು ನನ್ನ ಉದ್ದೇಶವಲ್ಲ. ರಕ್ಷಣೆಯ ಅಗತ್ಯವನ್ನು ನಮ್ಮ ಹಿರಿಯರು ಅರಿತಿದ್ದರೆಂಬುದನ್ನಷ್ಟೇ ಇಲ್ಲಿ ನೆನೆಯುತ್ತಿದ್ದೇನೆ.

ಈ ವಿಚಾರ ನನ್ನ ಮುಂದೆ ಬಂದುದು ನನ್ನ ತಂಗಿಯ ಮಗನಿಂದ. ಅವನು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳ ನೌಕರರನ್ನು ಕರೆದೊಯ್ಯುವ ಕಾಯಕದವನು. ಬ್ಯಾಂಕಿನ ಸಾಲದಿಂದ ಹೊಸ ಕಾರು ಕೊಂಡಾಗ, ಮಾರಾಟದವರು ಇನ್ನೂ 30,000 ರೂಪಾಯಿ ಕೊಟ್ಟು ‘ಸೆರಾಮಿಕ್ ಕೋಟಿಂಗ್’ ಮಾಡಿಸಿಕೊಳ್ಳಬೇಕೆಂದು ಒತ್ತಾಯಿಸಿದರಂತೆ. “ಮಾವಾ, ಕಾರು ಮಂಕಾದರೆ ಗುತ್ತಿಗೆದಾರರು ಕೆಲಸ ಕೊಡುವುದಿಲ್ಲ. ಆದರೆ ಈ ಹಣವೆಂದರೆ ಸಾಲದ ಎರಡು ಕಂತು. ಏನು ಮಾಡಲಿ?” ಎಂದು ಕೇಳಿದನು. ಅವನ ಚಿಂತೆ ಬರಿಯ ಅಂದಚೆಂದದ್ದಾಗಿರಲಿಲ್ಲ, ಅನ್ನದ್ದಾಗಿತ್ತು.

ಪೀಣ್ಯದಲ್ಲಿ ಬಹುವರ್ಷಗಳಿಂದ ವಾಹನಗಳಿಗೆ ಬಣ್ಣ ಹಾಕುವ ಕಾಯಕದಲ್ಲಿರುವ ಭಕ್ತರೊಬ್ಬರ ಬಳಿಗೆ ಇಬ್ಬರೂ ಹೋದೆವು. ಅವರು ವಿವರಿಸಿದ ರೀತಿ ಹೀಗಿದೆ: ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಕೊನೆಗೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತವೆ. ಇವೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಎಂದರೆ ತಲೆಗೂದಲ ಎರಡೆಳೆಯಷ್ಟು. ಹೊಳಪನ್ನು ಕೊಡುವ ಕ್ಲಿಯರ್ ಕೋಟ್ ಸುಮಾರು 40–50 ಮೈಕ್ರಾನ್ ಮಾತ್ರ. ಗೀರು ತೆಗೆಯಲೆಂದು ಯಂತ್ರದಿಂದ ಉಜ್ಜಿದಾಗಲೆಲ್ಲ ಕರಗುವುದು ಈ ಪದರವೇ. ಹೋದದ್ದು ಮರಳಿ ಬೆಳೆಯುವುದಿಲ್ಲ.

ರಕ್ಷಣೆಗೆ ಮೂರು ಮಾರ್ಗಗಳಿವೆ. ಮೊದಲನೆಯದು ಮೇಣ. ಬ್ರೆಜಿಲ್ ದೇಶದ ಕಾರ್ನೌಬಾ ಎಂಬ ತಾಳೆಯ ಎಲೆಗಳಿಂದ ದೊರೆಯುವ ಈ ಮೇಣ ಒಳ್ಳೆಯ ಹೊಳಪನ್ನು ಕೊಡುತ್ತದೆ. ಆದರೆ ನಮ್ಮ ಬಿಸಿಲಿಗೆ ಕೆಲವು ವಾರಗಳಲ್ಲೇ ಕ್ಷೀಣಿಸುತ್ತದೆ. ಎರಡನೆಯದು ಕೃತಕ ಪಾಲಿಮರಿನ ಸೀಲೆಂಟ್. ಇದು ನಾಲ್ಕಾರು ತಿಂಗಳು ಬಾಳುತ್ತದೆ; ಮನೆಯಲ್ಲೇ ಹಚ್ಚಿಕೊಳ್ಳಬಹುದು. ಮೂರನೆಯದು ಸಿಲಿಕಾ ಆಧಾರಿತ ಸೆರಾಮಿಕ್ ಲೇಪನ. ಇದು ಕ್ಲಿಯರ್ ಕೋಟಿಗೆ ಬಿಗಿಯಾಗಿ ಅಂಟಿ, ಸರಿಯಾಗಿ ಹಚ್ಚಿ ಜೋಪಾನ ಮಾಡಿದರೆ ಎರಡು ಮೂರು ವರ್ಷ ಉಳಿಯುತ್ತದೆ. ನೀರು, ಕೊಳೆ ಸುಲಭವಾಗಿ ಜಾರುತ್ತವೆ, ತೊಳೆಯುವ ಶ್ರಮವೂ ನೀರೂ ಉಳಿಯುತ್ತವೆ.

ಆದರೆ ಅದರ ದಪ್ಪ ಒಂದೆರಡು ಮೈಕ್ರಾನ್ ಮಾತ್ರವೆಂಬುದನ್ನು ಮಾರುವವರು ಹೇಳುವುದಿಲ್ಲ. ಲಾರಿಯ ಚಕ್ರದಿಂದ ಸಿಡಿದ ಕಲ್ಲನ್ನು ಅದು ತಡೆಯಲಾರದು. ಅದಕ್ಕೆ ದಪ್ಪನೆಯ ಪಾರದರ್ಶಕ ಹಾಳೆಯೇ ಬೇಕು, ಅದರ ಬೆಲೆಯೋ ಇನ್ನೂ ಹೆಚ್ಚು. ವೈಟ್‌ಫೀಲ್ಡ್ ಕಡೆಯ ಎಷ್ಟೋ ವಸತಿ ಸಮುಚ್ಚಯಗಳಲ್ಲಿ ಬಳಸುವ ಕೊಳವೆಬಾವಿಯ ಗಡಸು ನೀರು ಬಿಸಿಯಾದ ಬಾನೆಟ್ಟಿನ ಮೇಲೆ ಒಣಗಿದರೆ, ಯಾವ ಲೇಪನವಿದ್ದರೂ ಬಿಳಿಯ ಕಲೆ ಉಳಿಯುತ್ತದೆ. ಪೀಣ್ಯದ ಕಾರ್ಖಾನೆಗಳ ಕಬ್ಬಿಣದ ಪುಡಿ ಬಣ್ಣದ ಮೇಲೆ ಕುಳಿತು ತುಕ್ಕಿನ ಚುಕ್ಕೆಯಾಗುತ್ತದೆ. ಹಕ್ಕಿಯ ಹಿಕ್ಕೆಯನ್ನು ಅಂದೇ ತೊಳೆಯದಿದ್ದರೆ ಗುರುತು ಬೀಳುತ್ತದೆ.

ಆ ಭಕ್ತರು ಕೊನೆಗೆ ಹೇಳಿದ ಮಾತು ನನಗೆ ಬಹಳ ಹಿಡಿಸಿತು. ಬಣ್ಣವನ್ನು ಹೆಚ್ಚಾಗಿ ಕೆಡಿಸುವುದು ಬಿಸಿಲಲ್ಲ, ಧೂಳಿನ ಮೇಲೆ ಎಳೆಯುವ ಒಣಬಟ್ಟೆ ಎಂದರು. ಆಯುಧಪೂಜೆಯಂದು ಬಾನೆಟ್ಟಿಗೆ ವಿಭೂತಿ ಬಳಿದು ಮರುದಿನ ಒಣಬಟ್ಟೆಯಿಂದ ತಿಕ್ಕುವವರು ನಮ್ಮಲ್ಲಿಯೂ ಇದ್ದಾರೆ. ವಿಭೂತಿಯನ್ನು ಗಾಜಿಗೆ ಧರಿಸಿ, ನೀರೆರೆದು ತೊಳೆದರೆ ಭಕ್ತಿಗೂ ಕುಂದಿಲ್ಲ, ಬಣ್ಣಕ್ಕೂ ಕೇಡಿಲ್ಲ. ನೆರಳಿನಲ್ಲಿ ನಿಲ್ಲಿಸಿ, ಸೋಪಿನ ನೀರಿಗೊಂದು, ಬಟ್ಟೆ ಜಾಲಿಸಲು ಇನ್ನೊಂದು ಹೀಗೆ ಎರಡು ಬಕೆಟ್ ಇಟ್ಟುಕೊಂಡು, ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಪಾತ್ರೆ ತೊಳೆಯುವ ಪುಡಿಯನ್ನು ಮುಟ್ಟಬಾರದು, ಅದು ಹಚ್ಚಿದ ಮೇಣವನ್ನೂ ಕಿತ್ತುಹಾಕುತ್ತದೆ. 2024ರ ಮಾರ್ಚಿಯಲ್ಲಿ ನೀರಿನ ಅಭಾವ ತೀವ್ರವಾದಾಗ, ಕುಡಿಯುವ ನೀರಿನಿಂದ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಬೆಂಗಳೂರು ಜಲಮಂಡಳಿ ಪ್ರಕಟಿಸಿದ್ದನ್ನು ನೆನೆದರೆ, ಪೈಪು ಹಿಡಿದು ನೀರು ಹರಿಯಬಿಡುವುದು ಸಲ್ಲದೆಂಬುದು ಸ್ಪಷ್ಟ.

ನನ್ನ ಸೋದರಳಿಯ ಸೆರಾಮಿಕ್ ಲೇಪನವನ್ನು ಬಿಟ್ಟು ಸೀಲೆಂಟಿನ ಒಂದು ಡಬ್ಬಿಯನ್ನು ಕೊಂಡನು. ನಾಲ್ಕು ತಿಂಗಳಿಗೊಮ್ಮೆ ಭಾನುವಾರ ತಾನೇ ಹಚ್ಚುತ್ತಾನೆ. ಕಾರು ಶುಭ್ರವಾಗಿದೆ, ಸಾಲದ ಕಂತು ತಪ್ಪಿಲ್ಲ. ಕೈಯಲ್ಲಿ ಹಣವಿದ್ದು, ದಿನವಿಡೀ ಬಿಸಿಲಲ್ಲಿ ಕಾರು ನಿಲ್ಲಿಸಬೇಕಾದವರು ಸೆರಾಮಿಕ್ ಹಾಕಿಸಿದರೆ ತಪ್ಪಿಲ್ಲ. ಸಾಲದ ಮೇಲೆ ಸಾಲ ಮಾಡಿ ಹಾಕಿಸುವುದು ಮಾತ್ರ ಬೇಡ. ಕಾಯಕದ ಸಾಧನವನ್ನು ಸ್ವಂತ ಕೈಯಿಂದ ಜೋಪಾನ ಮಾಡುವುದೂ ಕಾಯಕವೇ ಎಂಬುದನ್ನು ನಮ್ಮ ಮನೆಗಳ ಮಕ್ಕಳಿಗೆ ಕಲಿಸೋಣ.