ಪಾವಿನಲ್ಲಿ ಹಿಡಿಯದ ಸಂಖ್ಯೆ

ಪಾವಿನೊಳಗೆ ಕೊಳಗದ ಭತ್ತವನ್ನು ಸುರಿದರೆ ಹೆಚ್ಚಾದದ್ದು ನೆಲದ ಪಾಲಾಗುತ್ತದೆ; ಅಳೆಯುವವನ ಕಣ್ಣಿಗೆ ಅದು ಕೂಡಲೇ ಬೀಳುತ್ತದೆ. ಗಣಕಯಂತ್ರದ ಅಳತೆಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಪ್ರತಿಯೊಂದು ಸಂಖ್ಯೆಗೂ ಮೊದಲೇ ಗೊತ್ತುಮಾಡಿದ ಮನೆಗಳುಂಟು. ಧನ, ಋಣ ಎರಡನ್ನೂ ಬರೆಯಬೇಕಾದ 16 ಬಿಟ್ಟುಗಳ ಸ್ಥಾನದಲ್ಲಿ 32,767ಕ್ಕಿಂತ ದೊಡ್ಡ ಪೂರ್ಣಾಂಕ ಹಿಡಿಯದು.

1996ನೆಯ ಇಸವಿ ಜೂನ್ 4ರ ಬೆಳಿಗ್ಗೆ, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೂರೂ ಕೇಂದ್ರದಿಂದ ಐರೋಪ್ಯ ರಾಷ್ಟ್ರಗಳ ಹೊಸ ರಾಕೆಟ್ಟು ಏರಿಯಾನ್ 5 ತನ್ನ ಮೊದಲ ಯಾನಕ್ಕೆ ಹೊರಟಿತು. ಸೂರ್ಯಮಾರುತಕ್ಕೂ ಭೂಮಿಯ ಕಾಂತವಲಯಕ್ಕೂ ಇರುವ ಸಂಬಂಧವನ್ನು ಅರಿಯಲೆಂದು ವಿಜ್ಞಾನಿಗಳು ವರ್ಷಗಟ್ಟಲೆ ದುಡಿದು ರೂಪಿಸಿದ 'ಕ್ಲಸ್ಟರ್' ಎಂಬ ನಾಲ್ಕು ಉಪಗ್ರಹಗಳು ಅದರ ಶಿರದಲ್ಲಿದ್ದವು. ಉಡಾವಣೆಯ ಕ್ರಮ ಆರಂಭವಾಗಿ ಸುಮಾರು ನಲವತ್ತು ಸೆಕೆಂಡುಗಳಾಗಿದ್ದವು. 3,700 ಮೀಟರು ಎತ್ತರದಲ್ಲಿ ರಾಕೆಟ್ಟು ಥಟ್ಟನೆ ದಾರಿ ತಪ್ಪಿ ಹೊರಳಿತು, ಮುರಿಯಿತು, ಸಿಡಿದುಹೋಯಿತು.

ಫ್ರಾನ್ಸಿನ ಗಣಿತಜ್ಞ ಜಾಕ್ ಲೂಯಿ ಲಿಯೋನ್ಸರ ಅಧ್ಯಕ್ಷತೆಯ ಸಮಿತಿಯು ಮರುತಿಂಗಳೇ ವರದಿಯನ್ನೊಪ್ಪಿಸಿತು. ರಾಕೆಟ್ಟಿನ ನಿಲುವನ್ನೂ ಚಲನೆಯನ್ನೂ ತಿಳಿಸುವ ಉಪಕರಣವು ಹಿಂದಿನ ಏರಿಯಾನ್ 4ರಿಂದ ಬಂದ ಬಳುವಳಿ. ಅಡ್ಡವೇಗಕ್ಕೆ ಸಂಬಂಧಿಸಿದ ಒಂದು ರಾಶಿಯನ್ನು ಅದು 64 ಬಿಟ್ಟುಗಳ ತೇಲುಬಿಂದು ರೂಪದಿಂದ 16 ಬಿಟ್ಟುಗಳ ಪೂರ್ಣಾಂಕಕ್ಕೆ ಪರಿವರ್ತಿಸುತ್ತಿತ್ತು. ಹಳೆಯ ರಾಕೆಟ್ಟಿನ ಪಥದಲ್ಲಿ ಆ ರಾಶಿ ಮಿತಿಯೊಳಗೇ ಇರುತ್ತಿತ್ತು. ಹೊಸದರ ಅಡ್ಡವೇಗವೋ ಬಹಳ ಹೆಚ್ಚು. ಸಂಖ್ಯೆ ಉಕ್ಕಿತು. 'ಏಡಾ' ಎಂಬ ಗಣಕಭಾಷೆಯಲ್ಲಿ ಬರೆದಿದ್ದ ಕ್ರಮವಿಧಿಯು ಮಿತಿಮೀರಿದ್ದನ್ನು ಪ್ರಾಮಾಣಿಕವಾಗಿಯೇ ಸಾರಿತು. ಕೇಳಿ ಸರಿಪಡಿಸುವ ಏರ್ಪಾಡು ಇರಲಿಲ್ಲ, ಅಷ್ಟೆ. ಉಪಕರಣ ಕೆಲಸ ನಿಲ್ಲಿಸಿತು. ಆಪತ್ಕಾಲಕ್ಕೆಂದು ಇಟ್ಟಿದ್ದ ಎರಡನೆಯ ಉಪಕರಣ? ಅದರಲ್ಲಿಯೂ ಅದೇ ಕ್ರಮವಿಧಿ. ಅದು ಒಂದು ಕ್ಷಣ ಮೊದಲೇ ಮೌನ ತಾಳಿತ್ತು! ಪ್ರಧಾನ ಗಣಕವು ದೋಷಸೂಚನೆಯನ್ನೇ ಯಾನದ ಅಂಕಿಗಳೆಂದು ಓದಿಕೊಂಡು, ಇಲ್ಲದ ಓರೆಯನ್ನು ತಿದ್ದಲು ನಳಿಕೆಗಳನ್ನು ಪೂರ್ತಿಯಾಗಿ ತಿರುಗಿಸಿತು.

ಆ ಗಣನೆ ಬೇಕಾಗಿದ್ದುದೇ ನೆಲದ ಮೇಲೆ, ಹಾರುವ ಮುನ್ನ. ಕೊನೆಯ ಗಳಿಗೆಯಲ್ಲಿ ಉಡಾವಣೆ ತಡೆದರೆ ಬೇಗನೆ ಮತ್ತೆ ಆರಂಭಿಸಲು ಅನುಕೂಲವಾಗಲೆಂದು, ಹಳೆಯ ರಾಕೆಟ್ಟುಗಳಿಗಾಗಿ ಅದನ್ನು ಮೇಲೇರಿದ ಬಳಿಕವೂ ಸ್ವಲ್ಪ ಹೊತ್ತು ನಡೆಸುವ ರೂಢಿಯಿತ್ತು. ಏರಿಯಾನ್ 5ಕ್ಕೆ ಅದರ ಅಗತ್ಯವೇ ಇರಲಿಲ್ಲ. ಆದರೂ ಯಾರೂ ಅದನ್ನು ತೆಗೆಯಲಿಲ್ಲ. ಚೆನ್ನಾಗಿ ನಡೆಯುತ್ತಿರುವುದನ್ನು ಕೈಯಿಟ್ಟು ಕೆಡಿಸಬಾರದೆಂಬ ಎಚ್ಚರಿಕೆ! ಇಂತಹ ಅಪಾಯಕ್ಕೆ ಒಡ್ಡಿಕೊಂಡಿದ್ದ ಏಳು ರಾಶಿಗಳಲ್ಲಿ ನಾಲ್ಕಕ್ಕೆ ರಕ್ಷಣೆಯಿತ್ತು. ಗಣಕದ ಹೊರೆ ಶೇಕಡ 80ನ್ನು ಮೀರಬಾರದೆಂದು, ಉಳಿದ ಮೂರಕ್ಕೆ ಸಾಕಷ್ಟು ಅವಕಾಶವಿದೆಯೆಂದು ನಂಬಿ, ತಿಳಿದವರೇ ಕುಳಿತು ಯೋಚಿಸಿ ಬಿಟ್ಟಿದ್ದರು. ಹೊಸ ಪಥದ ಅಂಕಿಗಳನ್ನು ಕೊಟ್ಟು ಆ ಉಪಕರಣವನ್ನು ಮಾತ್ರ ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ತಿದ್ದಿದ ಏರಿಯಾನ್ 5 ಮುಂದೆ ಯಶಸ್ವಿಯಾಯಿತು. ಬೆಂಗಳೂರಿನಲ್ಲಿ ರೂಪುಗೊಂಡ ಇನ್ಸಾಟ್-3ಬಿ ಉಪಗ್ರಹವನ್ನು 2000ದ ಮಾರ್ಚ್ ತಿಂಗಳಲ್ಲಿ ಅದೇ ಹೊತ್ತೊಯ್ದಿತು. ಮತ್ತೆ ಕಟ್ಟಿದ ನಾಲ್ಕು 'ಕ್ಲಸ್ಟರ್' ಉಪಗ್ರಹಗಳೂ ಆ ವರ್ಷವೇ ಬಾನಿಗೇರಿದವು. ಆದರೆ ಈ ಬಾರಿ ಅವುಗಳನ್ನು ಏರಿಸಿದ್ದು ಬೈಕನೂರಿನಿಂದ ಹೊರಟ ರಷ್ಯದ ಸೋಯುಜ್ ರಾಕೆಟ್ಟುಗಳು.