ಒಂದು ಅಕಾರದ ಅಧಿಕಾರ

ನಮ್ಮ ಗುರುಗಳು ಪಾಠಶಾಲೆಯಲ್ಲಿ ತರ್ಕಸಂಗ್ರಹಕ್ಕೆ ಹೇಳಿದ ಟಿಪ್ಪಣಿಗಳನ್ನು ನಾನು ನಿವೃತ್ತನಾದ ಮೇಲೆ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿಟ್ಟಿದ್ದೆನು. ಆ ಯಂತ್ರವು ಜೀರ್ಣವಾಗಲು, ನೆರೆಮನೆಯ ಹುಡುಗನೊಬ್ಬನು ಲಿನಕ್ಸ್ ಹಾಕಿದ ಹೊಸ ಯಂತ್ರಕ್ಕೆ ಎಲ್ಲವನ್ನೂ ನಕಲು ಮಾಡಿಕೊಟ್ಟು, ಉದ್ಯೋಗನಿಮಿತ್ತ ಪುಣೆಗೆ ಹೊರಟುಹೋದನು.

ಮರುದಿನ ಪ್ರತಿಯು ಅಚ್ಚಿಗೆ ಹೋಗಬೇಕು. ರಾತ್ರಿ ಕಡೆಯ ಸಲ ಓದುತ್ತಿದ್ದಾಗ ಎದೆ ಧಸಕ್ಕೆಂದಿತು. ಗುರುಗಳು 'ಅಯುಕ್ತ'ವೆಂದು ತಳ್ಳಿಹಾಕಿದ್ದ ಪಕ್ಷವು ನನ್ನ ಬೆರಳ ದೋಷದಿಂದ 'ಯುಕ್ತ'ವಾಗಿ ಕುಳಿತಿತ್ತು! ಒಂದು ಅಕಾರ ಬಿದ್ದುಹೋಗಿ, ಆ ಮಹನೀಯರು ತಮ್ಮ ಮತವನ್ನು ತಾವೇ ಖಂಡಿಸಿಕೊಂಡಂತಾಗಿತ್ತು. ತಿದ್ದಹೋದರೆ ಯಂತ್ರವು ಒಪ್ಪಲಿಲ್ಲ. ನನಗೆ ಬರೆಯುವ ಅನುಮತಿಯಿಲ್ಲವಂತೆ.

ಹೊತ್ತು ಮೀರಿದ್ದರೂ ಹುಡುಗನಿಗೆ ಫೋನು ಮಾಡಿದೆನು. "ತಪ್ಪು ನನ್ನದು ಮೇಷ್ಟ್ರೇ, ನಕಲು ಮಾಡುವಾಗ 'ಸುಡೊ' ಸೇರಿಸಿಬಿಟ್ಟೆ. ಫೈಲುಗಳೆಲ್ಲ 'ರೂಟ್' ಹೆಸರಿಗೆ ಹೋಗಿವೆ" ಎಂದನು.

ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ಫೈಲಿಗೂ ಒಡೆಯ, ಗುಂಪು, ಇತರರು ಎಂದು ಮೂರು ವರ್ಗಗಳುಂಟು. ಓದುವ ಅಧಿಕಾರಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಎಂದು ಗಣನೆ. ನನ್ನ ಫೈಲಿನ ಅಂಕ 644. ಎಂದರೆ ಒಡೆಯನು ಓದಿ ಬರೆಯಬಹುದು, ಉಳಿದವರು ಓದಬಹುದು, ಅಷ್ಟೆ. ಸಾಧಾರಣವಾಗಿ ಹೊಸ ಪ್ರತಿಯು ಗ್ರಂಥಕರ್ತನಿಗಲ್ಲದೆ ಲಿಪಿಕಾರನಿಗೆ ಸೇರತಕ್ಕದ್ದು. ಲಿಪಿ ಮಾಡಿದವನು ಸರ್ವಾಧಿಕಾರಿಯಾದ ರೂಟನ ವೇಷದಲ್ಲಿದ್ದುದರಿಂದ, ನಾನು 'ಇತರರ' ಪಂಕ್ತಿಗೆ ಬಿದ್ದಿದ್ದೆನು. ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದ ಅಧಿಕಾರವಿಚಾರವನ್ನು ಕಷ್ಟಪಟ್ಟು ಓದಿದವನಿಗೆ ಅನಧಿಕಾರಿಯೆಂದರೇನೆಂಬುದು ಅಂದು ಅನುಭವಕ್ಕೆ ಬಂದಿತು!

ವಾಚಕರು ನಗಬಾರದು; ಇದಕ್ಕಿಂತಲೂ ವಿಚಿತ್ರವಾದುದೊಂದುಂಟು. ಫೈಲನ್ನು ಅಳಿಸುವ ಅಧಿಕಾರವು ಫೈಲಿನದಲ್ಲ, ಅದಿರುವ ಕೋಶದ್ದು, ಕೋಶವು ನನ್ನದೇ. ಆದಕಾರಣ ಗುರುಗಳ ಟಿಪ್ಪಣಿಯನ್ನೆಲ್ಲ ಕ್ಷಣದಲ್ಲಿ ನಾಶಮಾಡಬಲ್ಲೆನು, ಒಂದು ಅಕಾರವನ್ನು ಮಾತ್ರ ಸೇರಿಸಲಾರೆನು.

ಎಲ್ಲರಿಗೂ ಎಲ್ಲ ಅಧಿಕಾರವನ್ನೂ ಕೊಡುವ 777 ಎಂಬ ಅಂಕದ ವಿಷಯ ಎಲ್ಲಿಯೋ ಓದಿದ್ದೆನು. ಅದನ್ನು ಹಾಕೆಂದರೆ ಹುಡುಗನು ಒಪ್ಪಲಿಲ್ಲ. "ಬೀಗ ಸಿಕ್ಕಿಕೊಂಡಿತೆಂದು ಬಾಗಿಲನ್ನೇ ಕಿತ್ತಿಡುತ್ತಾರೆಯೇ ಮೇಷ್ಟ್ರೇ?" ಎಂದನು. ಒಡೆಯನನ್ನು ಬದಲಿಸುವ 'ಚೌನ್' ಎಂಬ ಆಜ್ಞೆಯೇ ಸರಿಯಾದ ಮದ್ದು. ಅದಕ್ಕೆ ರೂಟನ ಅಧಿಕಾರ ಬೇಕು, ಊರಿಗೆ ಬಂದಾಗ ತಾನೇ ಮಾಡಿಕೊಡುವುದಾಗಿ ಹೇಳಿದನು. "ಓದಲು ಬರುತ್ತದಲ್ಲ, ಈಗ ನೀವೇ ಇನ್ನೊಂದು ನಕಲು ಮಾಡಿಕೊಳ್ಳಿ. ಅದು ನಿಮ್ಮದಾಗುತ್ತದೆ."

ಹಾಗೆಯೇ ಮಾಡಿದೆನು. ಹೊಸ ಪ್ರತಿಯಲ್ಲಿ ಅಕಾರವು ತನ್ನ ಸ್ಥಾನದಲ್ಲಿ ಕುಳಿತಿತು. ಹಳೆಯದನ್ನು ಅಳಿಸುವ ಅಧಿಕಾರವಂತೂ ನನಗಿದ್ದೇ ಇತ್ತು. ಎರಡು ಸಲ ನೋಡಿಕೊಂಡು ಅಳಿಸಿದೆನು.